ಪಿಂಗಾಣಿ ಪಾಂಡಿತ್ಯ

ಅಮೆರಿಕದಲ್ಲಿ ಗಂಡನ ಮಾತಿಗೆ ಬೆಲೆಯಿಲ್ಲ ಎಂದು ಕೇಳಿದ್ದೆ. ಮೈಸೂರಿನಿಂದ ಬಂದ ಹೆಂಡತಿಗೂ ಆ ಗಾಳಿ ಇಷ್ಟು ಬೇಗ ಸೋಕುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಮಾರಿಸ್‌ಟೌನ್‌ನಲ್ಲಿ ನಾವು ಮನೆ ಹಿಡಿದ ವರ್ಷ, ಎಪ್ಪತ್ಮೂರರಲ್ಲಿ, ಹಳೆಯ ಸಾಮಾನಿನ ಹರಾಜಿನಲ್ಲಿ ಮುಚ್ಚಳವಿದ್ದ ಪಿಂಗಾಣಿ ಬೋಗುಣಿಯೊಂದನ್ನು ಕೊಂಡೆ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಮಾಡಿದ್ದು. ಮೇಲೆ ಕೈಯಲ್ಲೇ ಬರೆದ ಚೀನಾ ಚಿತ್ರ: ನೀಲಿ ಸೇತುವೆ, ಬಾಗಿದ ಮರ, ಕೊಡೆ ಹಿಡಿದ ಮುದುಕ. (ಬರೆದವನು ಚೀನಾ ನೋಡಿರಲಿಲ್ಲವಂತೆ. ನಾನೂ ನೋಡಿಲ್ಲ, ಹಾಗಾಗಿ ನಮ್ಮಿಬ್ಬರಿಗೂ ಸರಿಹೋಯಿತು.)

“ಈ ಚೀನಾದವನ ಮೂಗು ನಮ್ಮ ಗುರುರಾಜ ಮಾವನ ಮೂಗಿದ್ದ ಹಾಗೇ ಇದೆಯಲ್ರೀ!” ಎಂದಳು ನನ್ನ ಹೆಂಡತಿ ತ್ರಿಪುರಸುಂದರಿ.

“ಇದು ಕಲೆ ಕಣೇ. ಮುಟ್ಟಬೇಡ.”

“ಮುಟ್ಟಬಾರದ ಪಾತ್ರೆ ಯಾಕ್ರೀ ತಂದ್ರಿ?”

ಅವಳಿಗೆ ಆಗ ಯಾವುದೂ ಹಿಡಿಸುತ್ತಿರಲಿಲ್ಲ. ಮಾತಾಡಲು ಜನವಿಲ್ಲ, ಚಳಿಗೆ ಮೊಸರು ಹೆಪ್ಪಾಗುವುದಿಲ್ಲ. ಹಿಮ ಕರಗಿದೊಡನೆ ಮೈಸೂರಿಗೆ ಟಿಕೆಟ್ ತೆಗೆಸಿಕೊಡಿ ಎಂದು ದಿನವೂ ಹೇಳುತ್ತಿದ್ದಳು. ಹೊರಟೇಬಿಟ್ಟಾಳೆಂದು ನನಗೆ ಒಳಗೊಳಗೇ ಅಳುಕು.

ಆಗ ಒಂದು ಉಪಾಯ ಹೊಳೆಯಿತು. ನಮ್ಮ ಬಾಸ್ ಟೋನಿಯ ಹೆಂಡತಿ ಮಾರ್ಗರೆಟ್‌ಗೆ ಹಳೆಯ ಪಿಂಗಾಣಿಯ ಹುಚ್ಚು. ದಂಪತಿಯನ್ನು ಊಟಕ್ಕೆ ಕರೆದರೆ ಇವಳಿಗೊಬ್ಬ ಗೆಳತಿ, ನನಗೆ ಕೀರ್ತಿ!

ಶನಿವಾರ ಸಂಜೆ ಅತಿಥಿಗಳ ಕಾರು ಬಂದು ನಿಂತಿತು. ನೋಡಿದರೆ ಶೆಲ್ಫಿನ ಮೇಲೆ ಬೋಗುಣಿಯೇ ಇಲ್ಲ! ತ್ರಿಪುರಸುಂದರಿ ಮಹಡಿಯಲ್ಲಿ ಸೀರೆ ಉಡುತ್ತಿದ್ದಳು. ಮನೆಯೆಲ್ಲ ಜಾಲಾಡಿದ ಮೇಲೆ ಸಿಕ್ಕಿತು: ಅಡಿಗೆಮನೆಯ ಗ್ಯಾಸ್ ಅವನ್ ಒಳಗೆ ಟವೆಲ್ ಸುತ್ತಿಕೊಂಡು ಕೂತಿತ್ತು. ಒಡೆಯದಿರಲೆಂದು ಬಚ್ಚಿಟ್ಟಿದ್ದಾಳೆ, ಪಾಪ, ಎಂದುಕೊಂಡು ತಂದು ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸಿದೆ. ಭಾರವಾಗಿತ್ತು. (ಪುರಾತನ ವಸ್ತು, ಅಷ್ಟು ತೂಕ ಇರಬೇಕಾದ್ದೇ.)

ಮಾರ್ಗರೆಟ್ ಬಂದವಳೇ, “ಓ, ಬ್ಯೂಟಿಫುಲ್! ತಳದಲ್ಲಿ ಮಾಡಿದವರ ಗುರುತು ಏನಾದರೂ ಇದೆಯಾ?” ಎಂದಳು.

ನಾನು ಹೆಬ್ಬೆರಳುಗಳಿಂದ ಮುಚ್ಚಳ ಒತ್ತಿಹಿಡಿದು ಬೋಗುಣಿಯನ್ನು ತಲೆಯ ಮೇಲಿನ ದೀಪದತ್ತ ಎತ್ತಿದೆ. ಮೆಟ್ಟಿಲ ಮೇಲಿಂದ ಹೆಂಡತಿ ಕೂಗಿದಳು: “ರೀ! ಬೇಡ ರೀ! ಬೋರಲು ಹಾಕ್ಬೇಡಿ!”

“ಸುಮ್ನಿರೇ, ನಂಗೊತ್ತು” ಎಂದು ಬೋರಲು ಹಾಕಿದೆ.

ಹೆಬ್ಬೆರಳು ಜಾರಿ ಮುಚ್ಚಳ ಸೋಫಾದ ಮೇಲೆ ಬಿತ್ತು. ಮೊಸರು ನನ್ನ ತಲೆಯ ಮೇಲೆ. ಕನ್ನಡಕ, ಟೈ, ಹೊಸ ಸೂಟು, ಎಲ್ಲಕ್ಕೂ ಸಾಂಗೋಪಾಂಗವಾಗಿ ಅಭಿಷೇಕವಾಯಿತು!

ಟೋನಿ ಬಾಯಿ ತೆರೆದವನು ಮುಚ್ಚಲಿಲ್ಲ. ತ್ರಿಪುರಸುಂದರಿ ಓಡಿ ಬಂದು ನನ್ನ ಭುಜದ ಮೇಲಿದ್ದ ಗಡ್ಡೆಯನ್ನು ನೋಡಿ ಉದ್ಗರಿಸಿದಳು: “ಅಯ್ಯೋ, ಎಷ್ಟು ಗಟ್ಟಿಯಾಗಿ ಹೆಪ್ಪಾಗಿದೆ ರೀ! ಅವನ್ ಒಳಗೆ ಸದಾ ಸಣ್ಣಗೆ ಉರಿಯೋ ಪೈಲಟ್ ದೀಪದ ಕಾವಿಗೆ ಇಟ್ರೆ ಆಗತ್ತೇನೋ ಅಂತ ನೋಡಿದೆ. ಆಗೇಹೋಯ್ತು!”

ಮಾರ್ಗರೆಟ್ ಬಿದ್ದು ಬಿದ್ದು ನಕ್ಕಳು. ಬೋಗುಣಿಯ ಅಂಚಿನಲ್ಲಿ ಉಳಿದದ್ದನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟವಳು, “ಇದನ್ನು ಮನೆಯಲ್ಲೇ ಮಾಡಿದ್ರಾ? ನನಗೂ ಹೇಳಿಕೊಡಿ” ಎಂದಳು. ಇಬ್ಬರೂ ಅಡಿಗೆಮನೆ ಸೇರಿದರು. ಅರೆಬರೆ ಇಂಗ್ಲಿಷ್, ಪೂರಾ ಕೈಸನ್ನೆ, ನಡುನಡುವೆ ತ್ರಿಪುರಸುಂದರಿಯ ನಗು. ಆ ಮನೆಯಲ್ಲಿ ಆ ನಗು ನಾನು ಕೇಳಿದ್ದು ಅದೇ ಮೊದಲು. ಟೋನಿ ಪೇಪರ್ ಟವೆಲಿನಿಂದ ನನ್ನ ಕಿವಿ ಒರೆಸುತ್ತಿದ್ದ; ಸೂಟು ಹೋದರೆ ಹೋಗಲಿ ಎನ್ನಿಸಿತು.

ಹಿಮ ಕರಗಿತು. ಟಿಕೆಟ್ಟಿನ ಸುದ್ದಿಯೇ ಇಲ್ಲ. ಮಾರ್ಗರೆಟ್ ಇವಳಿಗೆ ಡ್ರೈವ್ ಮಾಡುವುದನ್ನು ಕಲಿಸಿದ್ದಾಳೆ. ಇಬ್ಬರೂ ಊರೂರಿನ ಹರಾಜಿಗೆ ಹೋಗಿ ಚೀನಾ ಚಿತ್ರದ ಇಂಗ್ಲಿಷ್ ಬಟ್ಟಲು, ಕಪ್‌ಸಾಸರ್‌ಗಳನ್ನು ತಂದು ಶೆಲ್ಫು ತುಂಬಿಸಿದ್ದಾರೆ. ಅವರ ಕಾಫಿಯೆಲ್ಲ ಅದರಲ್ಲೇ. ನನ್ನ ಮುಂದೆ ಮಾತ್ರ ಒಂದು ಪ್ಲಾಸ್ಟಿಕ್ ಲೋಟ ಬಂದು ಕುಳಿತುಕೊಳ್ಳುತ್ತದೆ.

“ಇದೇನೇ?” ಎಂದು ಕೇಳಿದೆ.

“ನಿಮ್ಮ ಕೈಗೆ ಪಿಂಗಾಣಿ ಕೊಡಬೇಡ ಅಂತ ಮಾರ್ಗರೆಟ್ ಹೇಳಿದಾಳೆ ರೀ. ಒಳಗೇನಿದೆ ಅಂತ ನೋಡದೆ ಬೋರಲು ಹಾಕೋ ಚಟ ಅಂತೆ ನಿಮಗೆ.”