ಸರ್ಕಲ್ಲಿನ ಅಬ್ಬಲಿಗೆ

ಕುಮಟಾ ಪೇಟೆಯ ಒಂದು ಸರ್ಕಲ್ಲಿನ ತೋಟಕ್ಕೆ ನಾನು ಮಾಲಿ. ಸರ್ಕಲ್ಲಿನ ನಡುವೆ ಕೂತವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಸುತ್ತು ಹಾಕಿ ಬರುತ್ತದೆ. ಹೆಂಡತಿ ತೀರಿಹೋಗಿ ಒಂದು ವರ್ಷ ಆತು. ಆದರೂ ಬರುತ್ತದೆ.

ಕಾರಂಜಿ

ಮೊದಲು ಅಲ್ಲಿ ಇದ್ದದ್ದು ಕಲ್ಲಿನ ದೀಪದ ಕಂಬ. ಅದನ್ನು ತೆಗೆದು ಕಾರಂಜಿ ಮಾಡಿದರು. ಒಂದು ವರ್ಷ ನೀರು ಹಾರಿತು, ಆಮೇಲೆ ಕೆಟ್ಟಿತು. ತೊಟ್ಟಿಗೆ ಮಣ್ಣು ತುಂಬಿ ನಾನು ಕ್ರೋಟನ್ ನೆಟ್ಟೆ. ಊರವರು ಮಾತ್ರ ಇನ್ನೂ 'ಕಾರಂಜಿ ಹತ್ರ ಬನ್ನಿ' ಅನ್ನುತ್ತಾರೆ.

ಒಂದು ದಿನ ಹೊನ್ನಾವರದಿಂದ ಹೆಣ್ಣು ನೋಡಲು ಬಂದವರ ಕಾರು ನಾಲ್ಕು ಸುತ್ತು ಹಾಕಿತು. ಹುಡುಗಿಯ ಅಪ್ಪ ನನ್ನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಕೂಗುತ್ತಿದ್ದರು: "ಕಾರಂಜಿ ಹತ್ರವೇ ಇದ್ದೆ ಮಾರಾಯ್ರೆ!"

"ನೀರು ಹಾರೂದೇ ಕಾಣೂದಿಲ್ಲ!" ಕಾರಿನವರ ದನಿ ನನಗೂ ಕೇಳಿತು.

ಸಂಬಂಧ ತಪ್ಪುವುದು ಬೇಡ ಅಂತ, ಗಿಡಕ್ಕೆ ಬಿಡುತ್ತಿದ್ದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಆಕಾಶಕ್ಕೆ ಹಿಡಿದೆ.

"ಹಾಂ, ಕಾಣ್ತು, ಕಾಣ್ತು!"

ಮದುವೆ ಕಾಗದ ನನಗೂ ಬಂತು. ಕವರಿನ ಮೇಲೆ ಬರೆದಿತ್ತು: 'ಕಾರಂಜಿಯವರಿಗೆ.'

ಸಾಹೇಬರು ಮೆಚ್ಚಿದ ಗಿಡ

ಅಂಚಿಗೆ ಕೆಂಪು ಎಲೆಯ ಅಂದದ ಗಿಡ ಬೇಕು ಅಂದರು ಪುರಸಭೆ ಆಫೀಸಿನ ಸಾಹೇಬರು. ತರಿಸಿದ ಗಿಡಗಳು ಬಿಸಿಲಿಗೆ ಸತ್ತವು. ನನಗೆ ಹೆದರಿಕೆ. ಆಗ ಹೆಂಡತಿ ಇದ್ದಳು. ಪಕ್ಕದ ಹೊಳನಗದ್ದೆಯ ತರಕಾರಿ ಬೆಳೆಯುವವರ ಮಗಳು. "ಅದಕ್ಕೆಂತ ತಲೆಬಿಸಿ?" ಅಂದು ಸೆರಗಿನ ಗಂಟು ಬಿಚ್ಚಿ ಕೆಂಪು ಹರಿವೆ ಸೊಪ್ಪಿನ ಬೀಜ ಚೆಲ್ಲಿದಳು.

ತಿಂಗಳಲ್ಲಿ ಸರ್ಕಲ್ ಕೆಂಪಾಯಿತು. ಸಾಹೇಬರು ನಿಂತು ನೋಡಿದರು. "ಭಾರೀ ಚಂದ. ಯಾವ ದೇಶದ್ದು?"

"ಹೊಳನಗದ್ದೆದು," ಅಂದಳು.

"ಒಳ್ಳೇದು. ಆಗಾಗ ಕತ್ತರಿಸಿ ಮಟ್ಟ ಮಾಡ್ತಾ ಇರಿ."

ಮಾತು ಮೀರಲಿಲ್ಲ. ಕತ್ತರಿಸಿದ್ದನ್ನು ಸಾರು ಮಾಡಿದಳು. ಒಂದು ಕಟ್ಟು ಸಾಹೇಬರ ಮನೆಗೂ ಕೊಟ್ಟಳು. ಮರುದಿನ ಅವರು ಕೇಳಿದರು: "ಹರಿವೆ ಬಹಳ ರುಚಿ ಇತ್ತು. ಎಲ್ಲಿ ಬೆಳೀತೀರಿ?"

ಹೂವಿನ ಕಳ್ಳಿಯರು

ಹರಿವೆಯ ಬದಿಗೆ ಅವಳೇ ಒಂದು ಅಬ್ಬಲಿಗೆ ಹೂವಿನ ಗಿಡ ನೆಟ್ಟಿದ್ದಳು. ಸುತ್ತಲಿನ ಮನೆಯ ಮೂವರು ಹೆಂಗಸರು ಬೆಳಿಗ್ಗೆ ಬಂದು ಅದನ್ನು ಬೋಳಿಸುತ್ತಿದ್ದರು. ದೇವರಿಗೆ ಕೊಯ್ದರೆ ತಪ್ಪಿಲ್ಲ ಅಂತ ಅವರ ನಂಬಿಕೆ. ನಾನು ದಿನಾ ಬೈದು ಓಡಿಸುತ್ತಿದ್ದೆ.

ಈ ವರ್ಷ ತೋಟ ತೆಗೆದು ಪ್ಲಾಸ್ಟಿಕ್ ಹುಲ್ಲು ಹಾಕುವುದು ಅಂತ ಆತು. ಪಿಕಾಸು ಹಿಡಿದವರು ಬಂದರು, ಸಾಹೇಬರೂ ಬಂದರು. ನಾನು ಅಬ್ಬಲಿಗೆಯ ಬುಡದಲ್ಲಿ ಕೂತೆ. ಅವಳು ನೆಟ್ಟದ್ದು ಅಂತ ಒಂದು ಮಾತು ಹೇಳಬೇಕಿತ್ತು. ಬದಲಿಗೆ ಬುಡದ ಕಳೆ ಕೀಳತೊಡಗಿದೆ.

ಅಷ್ಟರಲ್ಲಿ ಆ ಮೂವರೂ ಬಂದರು, ಹೂವಿನ ಬುಟ್ಟಿ ಸಮೇತ. ಅವರಲ್ಲಿ ಹಿರಿಯಳು ಸಾಹೇಬರ ಎದುರು ನಿಂತಳು.

"ಇದನ್ನ ಕಿತ್ತರೆ ನಾವು ಕದಿಯೂಕೆ ಎಲ್ಲಿಗೆ ಹೋಗೂದು?"

ಸಾಹೇಬರು ತಬ್ಬಿಬ್ಬು. "ಕದಿಯೋದು ತಪ್ಪಲ್ವೇನಮ್ಮಾ?"

"ಅದಕ್ಕೆ ಈ ಅಣ್ಣ ದಿನಾ ಬೈತ್ರು. ಅದು ನಮ್ಮನಮ್ಮ ವಿಷಯ. ನಿಮಗೆಂತ?"

ಸಾಹೇಬರು ನಕ್ಕುಬಿಟ್ಟರು. ಪ್ಲಾಸ್ಟಿಕ್ ಹುಲ್ಲಿನ ನಡುವೆ ಒಂದು ಗಿಡಕ್ಕಾಗುವಷ್ಟು ಮಣ್ಣು ಉಳಿಯಿತು.

ಮರುದಿನ ಹೆಂಡತಿಯ ಫೋಟೋಕ್ಕೆ ನಾಲ್ಕು ಹೂ ತರುವ ಅಂತ ಬೇಗ ಹೋದೆ. ಗಿಡ ಬೋಳು. ಮೂವರೂ ಕಟ್ಟೆಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ಹಿರಿಯಳು ಒಂದು ಮೊಳ ನನ್ನ ಕೈಗಿಟ್ಟಳು. "ಅಕ್ಕನ ಫೋಟೋಕ್ಕೆ."

ಹೂವನ್ನು ಹೆಗಲ ಟವೆಲಿನಲ್ಲಿ ಸುತ್ತಿಕೊಂಡೆ.

"ಎಂತ ಅಣ್ಣಾ, ಇವತ್ತು ಬೈಯೂದಿಲ್ವ? ನೀವು ಬೈಯದಿದ್ರೆ ನಮಗೆ ಕದ್ದ ಹಾಗೇ ಆಗೂದಿಲ್ಲ!"

ಬೈದೆ. ಬಾಯ್ತುಂಬ ಬೈದೆ.