ಐಸ್‌ಲ್ಯಾಂಡಿನಿಂದ ಫಿಜಿಗೆ ಮಜ್ಜಿಗೆ ಮೆಣಸಿನಕಾಯಿ

ಇವತ್ತು ನಸುಕಿಗೆ ಎದ್ದು ಹಾಲು ಕಾಯಿಸಿದೆ, ಡಿಶ್‌ವಾಷರ್ ಖಾಲಿ ಮಾಡಿದೆ, ಮೊಸರನ್ನ ಕಲಸಿ ಡಬ್ಬಿಗೆ ತುಂಬಿದೆ, ಕಾರಿಗೆ ಪೆಟ್ರೋಲ್ ಹಾಕಿದೆ, ಊಟದ ಹೊತ್ತಿಗೆ ಐಸ್‌ಲ್ಯಾಂಡಿಗೂ ಫಿಜಿಗೂ ಕಡಿದುಹೋಗಿದ್ದ ರಾಜತಾಂತ್ರಿಕ ಸಂಬಂಧ ಮತ್ತೆ ಕೂಡಿಕೊಂಡದ್ದನ್ನು ಕಣ್ಣಾರೆ ನೋಡಿದೆ. ನಗಬೇಡಿ! ಐಸ್‌ಲ್ಯಾಂಡ್ ಎಂದರೆ ನಮ್ಮ ಭಾವ, ನನ್ನ ಗಂಡನ ಅಣ್ಣ. ನಮ್ಮ ಪಕ್ಕದೂರು ಪ್ಲಿಮತ್‌ನಲ್ಲಿ ಒಬ್ಬರೇ ಇರುವ, ಕಾರಿನ ಬಿಡಿಭಾಗಗಳ ಕಂಪನಿಯ ಎಂಜಿನಿಯರ್. ಫಿಜಿ ಎಂದರೆ ಅವರ ತಂಗಿ, ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿರುವ ನನ್ನ ನಾದಿನಿ.

ಚಿಕ್ಕವರಿದ್ದಾಗ ಮೈಸೂರಿನ ಮನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಕೋಣೆಯಂತೆ, ದಿನವೂ ಜಗಳವಂತೆ. ಕೊನೆಗೆ ಅಟ್ಲಾಸ್ ತೆಗೆದು ದೇಶ ಹಂಚಿಕೊಂಡರು. ಭಾವ ಮೇಲ್ತುದಿಯ ಐಸ್‌ಲ್ಯಾಂಡಿನ ಮೇಲೆ ಬೆರಳಿಟ್ಟರೆ, ಅಣ್ಣನ ಕೈಗೆ ಸಿಗಲೇಬಾರದೆಂದು ತಂಗಿ ಕೆಳಮೂಲೆಯ ಫಿಜಿ ಹಿಡಿದಳು. ಅಂದಿನಿಂದ ಒಂದೇ ನಿಯಮ: ಯಾರೂ ಯಾರಿಗೂ ಸುಮ್ಮನೆ ಏನನ್ನೂ ಕೊಡುವಂತಿಲ್ಲ, ಎಲ್ಲವೂ ವ್ಯಾಪಾರ! ಇಂಥ ಮಕ್ಕಳಾಟ ಮೀಸೆ ಬರುವಷ್ಟರಲ್ಲಿ ಮುಗಿಯಬೇಕಲ್ಲವೇ? ಭಾವನ ಮೀಸೆ ಬೆಳ್ಳಗಾದರೂ ಮುಗಿದಿಲ್ಲ.

ಫಿಜಿಯ ರಫ್ತು ಸಕ್ಕರೆ. ಹಾಗಾಗಿ ನಾದಿನಿ ದೀಪಾವಳಿಗೆ ಮೈಸೂರು ಪಾಕ್ ಕಳಿಸುತ್ತಾಳೆ. ಐಸ್‌ಲ್ಯಾಂಡಿನದು ಮೀನು! ಈರುಳ್ಳಿ ಕಂಡರೂ ಮೂಗು ಮುರಿಯುವ ಭಾವ ಮೀನು ತರುವುದೆಲ್ಲಿಂದ? “ಉದ್ದಕ್ಕಿದೆ, ಉಪ್ಪಿದೆ, ಬಾಲಾನೂ ಇದೆ. ಇನ್ನೇನ್ ಬೇಕು?” ಎಂದು ಮಜ್ಜಿಗೆ ಮೆಣಸಿನಕಾಯಿ ಕಳಿಸುತ್ತಾರೆ. ಜುಲೈ ಬಿಸಿಲಿನಲ್ಲಿ, ಆಫೀಸಿನ ಪಾರ್ಕಿಂಗ್ ಲಾಟ್‌ನಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಣಗಿಸಿದ ಸರಕು! ಒಮ್ಮೆ ಅದೇ ಕಾರಿನಲ್ಲಿ ಮೀಟಿಂಗಿಗೆ ಹೊರಟ ಬಾಸ್ ಸೌತ್‌ಫೀಲ್ಡ್ ತಲುಪುವವರೆಗೂ ಸೀನಿದನಂತೆ.

“ಪಾಪ, ಸಮುದ್ರದ ಗಾಳಿ ಒಗ್ಗಲಿಲ್ಲ” ಅಂದರು ಭಾವ.

ಸಂಬಂಧ ಕಡಿದದ್ದು ಗಡಿಯಾರದಿಂದ. ನಮಗಿಂತ ಶಿಕಾಗೋ ಒಂದು ಗಂಟೆ ಹಿಂದೆ. ಭಾವ ಮಾತ್ರ ಅಲ್ಲಿಗೆ ಹೋದರೂ ಕೈಗಡಿಯಾರ ತಿರುಗಿಸುವವರಲ್ಲ. “ಐಸ್‌ಲ್ಯಾಂಡಲ್ಲಿ ಗಡಿಯಾರ ಮುಟ್ಟೋ ಪದ್ಧತೀನೇ ಇಲ್ಲ ಕಣಮ್ಮ!” ಕಳೆದ ಬೇಸಿಗೆಯಲ್ಲಿ ತಂಗಿಯ ಮನೆಯ ಸತ್ಯನಾರಾಯಣ ಪೂಜೆಗೆ ಹಾಗೆಯೇ ಒಂದು ಗಂಟೆ ಮುಂಚೆ ಹೋಗಿ ಬೆಲ್ ಒತ್ತಿದರು. ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆರೆದ ನಾದಿನಿ, “ಅಯ್ಯೋ, ಈಗ್ಲೇ ಯಾಕ್ ಬಂದ್ಯೋ ಅಣ್ಣ?” ಅಂದುಬಿಟ್ಟಳು.

“ರಾಯಭಾರಿನ ಕೇಳೋ ಮಾತಾ ಇದು?”

ತಂದಿದ್ದ ಮೆಣಸಿನಕಾಯಿ ಡಬ್ಬಿ ಸಮೇತ, ಪ್ರಸಾದವನ್ನೂ ಮುಟ್ಟದೆ, ಐದು ಗಂಟೆಯ ದಾರಿ ವಾಪಸ್! ಆಮೇಲೆ ಫೋನಿಲ್ಲ. ದೀಪಾವಳಿಗೆ ಮೈಸೂರು ಪಾಕ್ ಬರಲಿಲ್ಲ. ಈಚೆಗೆ ನಾದಿನಿಗೆ ಮಂಡಿ ಆಪರೇಷನ್ ಆಯಿತು. ಹೋಗಿಬನ್ನಿ ಅಂದರೆ ಭಾವ, “ನಮಗೆ ಅಧಿಕೃತವಾಗಿ ತಿಳಿಸಿಲ್ಲ” ಅಂದರು. ಆದರೆ ಭಾನುವಾರ ನೋವೈ ಊರಿನ ನಮ್ಮ ಮನೆಗೆ ಊಟಕ್ಕೆ ಬಂದರೆ, ಸಾರನ್ನದಲ್ಲಿ ಬೆರಳಾಡಿಸುತ್ತಾ ಕೂತಿರುತ್ತಿದ್ದರು.

ಕಳೆದ ಭಾನುವಾರವೂ ಹಾಗೆ ಕೂತಿದ್ದಾಗ ನಾದಿನಿಯ ಮಗಳ ಫೋನ್ ಬಂತು. ಸ್ಪೀಕರ್‌ಗೆ ಹಾಕಿದೆ.

“ಅಮ್ಮ ಈಸ್ ಓಕೆ ಅತ್ತೆ, ಜಸ್ಟ್ ಕ್ರ್ಯಾಂಕಿ. ಊಟಾನೇ ಸೇರಲ್ಲ ಅಂತಾಳೆ. ಆ ಮಜ್ಜಿಗೆ ಮೆಣಸಿನಕಾಯಿ ಖಾಲಿ ಅಂತೆ.”

ಭಾವ ಎಂಜಲು ಕೈಯಲ್ಲೇ ಎದ್ದು ನಿಂತರು. “ಫಿಜಿಯಿಂದ ಬೇಡಿಕೆ ಬಂದಿದೆ! ಶನಿವಾರ ಹನ್ನೊಂದಕ್ಕೆ ಬರ್ತೀವಿ ಅಂತ ಹೇಳು!”

ಇವತ್ತು ತಲುಪಿದಾಗ ಭಾವನ ಕೈಗಡಿಯಾರದಲ್ಲಿ ಹನ್ನೊಂದು, ಶಿಕಾಗೋದಲ್ಲಿ ಹತ್ತು. ಭಾವ ಇಳಿಯಲಿಲ್ಲ. ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ತಂಗಿಯ ಮನೆಯೆದುರು ಕಾರಿನಲ್ಲೇ ಒಂದು ಗಂಟೆ ಕೂತರು. ನನ್ನನ್ನೂ ಕೂರಿಸಿದರು! ಆಮೇಲೆ ಕೈಗಡಿಯಾರ ಬಿಚ್ಚಿ, ಮೆಲ್ಲಗೆ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ನಾನು ಕಾಣದವಳಂತೆ ಆಚೆ ನೋಡಿದೆ.

ನಾದಿನಿ ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದಳು. “ಒಂದು ಗಂಟೆಯಿಂದ ನಿನ್ನ ಬೋಳು ತಲೇನೇ ನೋಡ್ತಾ ಇದೀನಿ. ಒಳಗೆ ಬರೋಕೆ ಏನಾಗಿತ್ತೋ?”

“ಹನ್ನೊಂದು ಅಂದಿದ್ದೆ. ನಿನ್ನ ಹನ್ನೊಂದಕ್ಕೇ ಬಂದೆ.”

ಡಬ್ಬಿ ಚಾಚಿದರು. ಅವಳು ಕೈ ನೀಡಲಿಲ್ಲ. “ಒಲೆ ಮುಂದೆ ನಿಂತು ಪಾಕ ಮಾಡೋಕಾಗಲ್ಲ ಅಣ್ಣ. ಬದಲಿಗೆ ಕೊಡೋಕೆ ಏನೂ ಇಲ್ಲ.”

ಭಾವ ಮೂಗೊರೆಸಿಕೊಂಡರು. “ಈ ಸಲ ಸುಮ್ನೆ ತಗೋ” ಅಂದರು.

ಮೊಸರನ್ನ, ಕರಿದ ಮೆಣಸಿನಕಾಯಿ. ನಾದಿನಿ ಎರಡು ಸಲ ಬಡಿಸಿಕೊಂಡಳು. ಮಾತ್ರೆ ನುಂಗಿ ಮೊದಲು ನಿದ್ದೆಹೋದವಳೂ ಅವಳೇ.

“ನೀವೂ ಸ್ವಲ್ಪ ಮಲಗಿ ಭಾವ” ಅಂದೆ.

“ಶ್! ಫಿಜೀಲಿ ರಾತ್ರಿ ಅಂದ್ರೆ ಐಸ್‌ಲ್ಯಾಂಡಲ್ಲಿ ಹಗಲು” ಎಂದು ಪಿಸುಗುಟ್ಟಿ, ಕುರ್ಚಿಯನ್ನು ತಂಗಿಯ ಹತ್ತಿರಕ್ಕೆ ಎಳೆದುಕೊಂಡರು. “ನಾನು ಎದ್ದಿರ್ತೀನಿ.”