ಎಲೆ ಬಿಟ್ಟ ಗಿಡ

"ಈ ಅಂಗಳದಲ್ಲಿ ಬಿಳಿ ಹೂ ಅರಳಿಸದೇ ಹೋದ್ರೆ ನನಗೆ ಬೇರೆ ಹೆಸರಿಡು" ಎಂದು ಅರ್ಥಪ್ಪನವರು ಊಟದ ಮೇಜು ಕುಟ್ಟಿದರು.

"ಬೇರೆ ಹೆಸರು ಬೀದಿಯವರು ಆಗ್ಲೇ ಇಟ್ಟಾಗಿದೆಯಲ್ಲ" ಎಂದು ಹೆಂಡತಿ ಉರುಳುತ್ತಿದ್ದ ನೀರಿನ ಲೋಟವನ್ನು ಹಿಡಿದರು.

ಮಾತು ನಿಜ. ಇಪ್ಪತ್ತೆರಡು ವರ್ಷದಿಂದ ನಿಘಂಟು ಕಚೇರಿಯಲ್ಲಿ ಪದಗಳಿಗೆ ಅರ್ಥ ಬರೆಯುತ್ತಿದ್ದ ಈ ಮಹಾನುಭಾವರು, "ಚೆನ್ನಾಗಿದ್ದೀರಾ?" ಎಂದು ಕೇಳಿದವರನ್ನೂ ನಿಲ್ಲಿಸಿ ‘ಚೆನ್ನಾಗಿ’ಯ ಐದು ಅರ್ಥ ಹೇಳಿಯೇ ಕಳಿಸುತ್ತಿದ್ದರು. ಹಾಗಾಗಿ ಬೀದಿಗೆಲ್ಲ ಅವರು ಅರ್ಥಪ್ಪ. ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವರು. "ಕ್ಲಚ್ ಬಿಡಿ, ಗಾಡಿ ಬಿಡಿ, ಮಾತು ಬಿಡಿ" ಎಂದು ದಿನವಿಡೀ ಹೇಳಿ ಹೇಳಿ ಅವರು ಕ್ಲಚ್ ಮೇಡಂ ಆಗಿದ್ದರು.

ಜಗಳವೆಲ್ಲ ಮನೆ ಮುಂದಿನ ಅಂಗಳದ್ದು. ಅಲ್ಲಿ ಸಿಮೆಂಟು ಹಾಕಿಸಿ ಕಲಿಕೆಯ ಕಾರು ನಿಲ್ಲಿಸಬೇಕೆಂದು ಮೇಡಂ ಆಸೆ. ಅರ್ಥಪ್ಪನವರಿಗೆ ಮಾತ್ರ, ಕಿಟಕಿಯೇ ಇಲ್ಲದ ಕಚೇರಿಯಿಂದ ಬಂದ ಮೇಲೆ ಕುರ್ಚಿ ಹಾಕಿಕೊಂಡು ಹೂ ಬಿಟ್ಟ ಒಂದು ಗಿಡದ ಪಕ್ಕ ಸುಮ್ಮನೆ ಕೂರಬೇಕು. ಆದರೆ ಅವರ ಕೈಗುಣ ದೊಡ್ಡದು. ಈವರೆಗೆ ನಾಲ್ಕು ಗುಲಾಬಿ, ಎರಡು ದಾಸವಾಳ, ಒಂದು ಕಳ್ಳಿ ಗಿಡ ಅವರ ಆರೈಕೆಯಲ್ಲಿ ತೀರಿಕೊಂಡಿದ್ದವು. ಕಳ್ಳಿಯನ್ನು ಸಾಯಿಸುವುದಕ್ಕೆ ನಿಜವಾಗಿಯೂ ಪ್ರತಿಭೆ ಬೇಕು.

"ಸರಿ, ಒಂದೇ ಒಂದು ಗಿಡ" ಎಂದರು ಮೇಡಂ. "ಬದುಕಿದ್ರೆ ಅಂಗಳ ನಿಮ್ದು. ಸತ್ರೆ ಮಾರನೇ ದಿನ ಸಿಮೆಂಟು."

ಅರ್ಥಪ್ಪನವರು ನರ್ಸರಿಗೆ ಓಡಿದರು. ನರ್ಸರಿಯಮ್ಮ ಒಂದು ದುಂಡನೆಯ ಪೊದೆಗಿಡ ತೆಗೆದುಕೊಟ್ಟು ಹೇಳಿದರು: "ಇದು ಗಿಡ್ಡ ಜಾತಿ, ನಿಮ್ಮ ಸೊಂಟ ದಾಟಲ್ಲ. ಚಳಿಗೆ ಎಲೆ ಬಿಡುತ್ತೆ, ಬಿಸಿಲು ಬಂದ್ಮೇಲೆ ಗೊಂಚಲು ಗೊಂಚಲು ಬಿಳಿ ಹೂ ಬಿಡುತ್ತೆ. ನೀವು ಅದನ್ನ ಅದರ ಪಾಡಿಗೆ ಬಿಡಿ."

ಒಂದೇ ಉಸಿರಿನಲ್ಲಿ ಮೂರು ‘ಬಿಡು’! ಅರ್ಥಪ್ಪನವರಿಗೆ ರೋಮಾಂಚನವಾಯಿತು. ಕಚೇರಿಯಲ್ಲಿ ಆಗ ಅವರ ಮುಂದಿದ್ದ ಪದವೇ ‘ಬಿಡು’. ಇಪ್ಪತ್ತೇಳು ಅರ್ಥ, ಇಪ್ಪತ್ತೇಳು ಚೀಟಿ. ಇಪ್ಪತ್ತೆಂಟನೆಯದಾಗಿ ‘ಕಳಚು, ಉದುರಿಸು’ ಎಂದು ಸಂಪಾದಕರು ಸೇರಿಸಹೊರಟಾಗ ಇವರೇ ಅಡ್ಡ ನಿಂತು ಹೊಡೆದುಹಾಕಿಸಿದ್ದರು.

"ಹಾವು ಪೊರೆ ಬಿಡುತ್ತೆ ಅಂತಾರಲ್ರೀ" ಎಂದಿದ್ದರು ಸಂಪಾದಕರು.

"ಹಾವಿನ ವಿಷಯ ಹಾವಿಗಿರಲಿ ಸಾರ್. ಗಿಡ ಬಿಡುತ್ತೆ ಅಂದ್ರೆ ಮೂಡಿಸುತ್ತೆ ಅಂತಲೇ ಅರ್ಥ. ಉದುರಿಸೋ ಅರ್ಥದಲ್ಲಿ ಯಾರಾದ್ರೂ ಒಬ್ಬರ ಬಾಯಲ್ಲಿ ಕೇಳಿಸಿ, ಈ ಮೀಸೆ ಬೋಳಿಸ್ತೀನಿ."

ಆ ಮೀಸೆ ಸಾಮಾನ್ಯದ್ದಲ್ಲ. ಮದುವೆಗಿಂತ ಹಳೆಯದು.

ಗಿಡ ನೆಟ್ಟ ಮೂರನೇ ದಿನಕ್ಕೆ ಮೇಡಂ ತಂಗಿ ಕಾಲು ಮುರಿದುಕೊಂಡಳು. ಆರು ವಾರದ ಮಟ್ಟಿಗೆ ತಂಗಿಯ ಮನೆಗೆ ಹೊರಟ ಮೇಡಂ ಗೇಟಿನ ಬಳಿ ತಿರುಗಿ ನಿಂತು, "ಗಿಡದ ಫೋಟೋ ಕಳಿಸ್ತಾ ಇರಿ. ನಿಮ್ಮ ಫೋಟೋ ಬೇಡ" ಎಂದರು.

ಚಳಿ ಬಂತು. ಹೊಸ ಎಲೆಗಾಗಿ ಕಾದು ಕುಳಿತಿದ್ದ ಅರ್ಥಪ್ಪನವರ ಕಣ್ಣೆದುರೇ ಹಳೆಯದೊಂದು ಹಳದಿಯಾಗಿ ಬಿತ್ತು. ಅವರು ಗಿಡಕ್ಕೆ ಉಣ್ಣೆಯ ಶಾಲು ಹೊದಿಸಿದರು. ಮರುದಿನ ಐದು ಬಿದ್ದವು. ಬುಡಕ್ಕೆ ಬಿಸಿನೀರಿನ ಚೀಲ ಇಟ್ಟರು. ಹನ್ನೆರಡು ಬಿದ್ದವು. ಗಿಡಗಳಿಗೆ ಕಿವಿಯಿದೆಯೆಂದು ಯಾರೋ ಹೇಳಿದ್ದು ನೆನಪಾಗಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಿಘಂಟಿನ ಮೊದಲ ಸಂಪುಟವನ್ನು ಗಟ್ಟಿಯಾಗಿ ಓದತೊಡಗಿದರು. ಎಲೆಗಳು ಬಳಬಳನೆ ಉದುರಿದವು. ಕಚೇರಿಯಲ್ಲೂ ಅವರು ಓದಲು ಶುರು ಮಾಡಿದರೆ ಜನ ಹೀಗೆಯೇ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಮೇಡಂ ಫೋಟೋ ಕೇಳಿದರು. ಅರ್ಥಪ್ಪನವರು ಬಿದ್ದ ಎಲೆಗಳನ್ನೆಲ್ಲ ಆರಿಸಿ, ಒಂದರಿಂದ ಅರವತ್ಮೂರರವರೆಗೆ ಬೆನ್ನ ಮೇಲೆ ಸಂಖ್ಯೆ ಬರೆದು, ಪುಸ್ತಕದ ರಟ್ಟಿಗೆ ಹಚ್ಚುವ ಹಿಟ್ಟಿನ ಅಂಟಿನಿಂದ ಕೊಂಬೆಗೆ ಅಂಟಿಸಿದರು. ಫೋಟೋ ಚೆನ್ನಾಗಿಯೇ ಬಂತು. ಆದರೆ ಹಿಟ್ಟಿನ ಅಂಟಿಗೆ ಇರುವೆ ಬಂದವು. ಬೆಳಗಾಗುವಷ್ಟರಲ್ಲಿ ಅರವತ್ಮೂರು ಎಲೆಗಳೂ ಸಾಲಾಗಿ ಗೇಟು ದಾಟಿ ಮೆರವಣಿಗೆ ಹೊರಟಿದ್ದವು.

ಮರುವಾರದ ಫೋಟೋ ನೋಡಿ ಮೇಡಂ ಫೋನು ಮಾಡಿದರು. "ಇದೇನ್ರೀ, ಕಡ್ಡಿ ಮಾತ್ರ ಕಾಣ್ತಿದೆ?"

"ಹೂವಿಗೆ ಜಾಗ ಮಾಡ್ಕೊಡ್ತಿದೆ ಕಣೇ."

"ಈ ಚಳೀಲಿ ಹೂವಾ?"

"ಮೊಗ್ಗು ಬಿಟ್ಟಾಯ್ತು" ಎಂದು ಅರ್ಥಪ್ಪನವರ ಬಾಯಿ ಅವರನ್ನು ಕೇಳದೇ ಹೇಳಿಬಿಟ್ಟಿತು.

ಮೊಗ್ಗು ಬಿಟ್ಟ ಮೇಲೆ ಹೂ ಬಿಡಲೇಬೇಕಲ್ಲ. ಮನೆಗೆ ತಂದಿದ್ದ ಕಚೇರಿ ಚೀಲದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಎರಡು ಕಟ್ಟುಗಳಿದ್ದವು. ಖಾಲಿ ಚೀಟಿಗಳದ್ದೊಂದು, ಬರೆದವುಗಳದ್ದೊಂದು. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಕಟ್ಟು ಬಿಚ್ಚಿ, ಬೆಳ್ಳಗಿನ ಬೆನ್ನು ಹೊರಗೆ ಬರುವಂತೆ ಒಂದೊಂದನ್ನೂ ಮಡಿಸಿ, ತಿರುಚಿ, ದಾರದಿಂದ ಕೊಂಬೆಗೆ ಕಟ್ಟಿದರು. ರಸ್ತೆಯಾಚೆ ನಿಂತು ಫೋಟೋ ತೆಗೆದು ಕಳಿಸಿದರು.

"ಅಯ್ಯೋ, ಎಷ್ಟು ಚೆನ್ನಾಗಿದೆ. ನಾಳೆನೇ ಬರ್ತೀನಿ" ಎಂದು ಉತ್ತರ ಬಂತು. ಅರ್ಥಪ್ಪನವರು ಅದನ್ನು ಸಂತೋಷದಿಂದ ಎರಡು ಸಲ ಓದಿದರು. ಮೂರನೇ ಸಲ ‘ನಾಳೆ’ ಎಂಬ ಪದ ಕಣ್ಣಿಗೆ ಬಿತ್ತು.

ಮರುದಿನ ಬೆಳಿಗ್ಗೆ ಸಂಪಾದಕರ ಫೋನು. "ಪ್ರೆಸ್ಸಿನವರು ಬಂದು ಕೂತಿದಾರೆ. ‘ಬಿಡು’ ಎಲ್ರೀ?"

ಅರ್ಥಪ್ಪನವರು ಚೀಲ ತೆರೆದರು. ಅದರಲ್ಲಿ ಉಳಿದಿದ್ದುದು ಖಾಲಿ ಚೀಟಿಗಳ ಕಟ್ಟು. ಕಿಟಕಿಯಿಂದ ಹೊರಗೆ ನೋಡಿದರು. ಇಪ್ಪತ್ತೇಳು ಹೂವು ಗಾಳಿಗೆ ತಲೆಯಾಡಿಸುತ್ತಿದ್ದವು.

"ಸಾರ್, ‘ಬಿಡು’ ಅರಳಿದೆ" ಎಂದರು.

ಅರ್ಧ ಗಂಟೆಯಲ್ಲಿ ಸಂಪಾದಕರು ಅಂಗಳದಲ್ಲಿ ಮೊಣಕಾಲೂರಿ, ಕನ್ನಡಕ ಏರಿಸಿ ಹೂ ಕೀಳುತ್ತಿದ್ದರು. "ಒಂದು, ತ್ಯಜಿಸು. ನಾಲ್ಕು, ಬಿಡುಗಡೆ ಮಾಡು. ಐದು ಎಲ್ಲಿ? ಆ ಬಲಗಡೆ ಕೊಂಬೆ ಬಗ್ಗಿಸ್ರೀ." ಇಬ್ಬರೂ ಹನ್ನೊಂದನೇ ಅರ್ಥ ಹುಡುಕುತ್ತಿದ್ದಾಗ ಗೇಟು ಕಿರ್ ಎಂದಿತು. ಮೇಡಂ ನಿಂತಿದ್ದರು. ಜೊತೆಯಲ್ಲಿ, ದಾರಿಯಲ್ಲಿ ಮೇಡಂ ತೋರಿಸಿದ ಫೋಟೋ ನೋಡಿ, ಚಳಿಯಲ್ಲಿ ಹೂ ಬಿಟ್ಟ ಈ ಪವಾಡವನ್ನು ಕಣ್ಣಾರೆ ನೋಡಬೇಕೆಂದು ಬಂದ ನರ್ಸರಿಯಮ್ಮ.

ಮೇಡಂ ಕೈಚೀಲ ಕೆಳಗಿಟ್ಟು, ಬಗ್ಗಿ ಒಂದು ಹೂ ಬಿಚ್ಚಿ ಓದಿದರು. "‘ರೈಲು ಬಿಡು: ಸುಳ್ಳು ಹೇಳು, ಬಡಾಯಿ ಕೊಚ್ಚು.’ ಇದು ನಿಮ್ಮನ್ನೇ ನೋಡಿ ಬರೆದ ಹಾಗಿದೆ."

"ಗಿಡ ಸತ್ತುಹೋಯ್ತು ಕಣೇ" ಎಂದರು ಅರ್ಥಪ್ಪನವರು. "ಈ ಹೂ ಕಟ್ಟಿದ್ದು ಸಿಮೆಂಟಿಗೆ ಹೆದರಿ ಅಲ್ಲ. ‘ನನಗೆ ಮೊದ್ಲೇ ಗೊತ್ತಿತ್ತು’ ಅಂತೀಯಲ್ಲ, ಅದಕ್ಕೆ."

"ಅನ್ನಲ್ಲ" ಎಂದರು ಮೇಡಂ. ಬಿಚ್ಚಿದ ಹೂವನ್ನು ಮತ್ತೆ ಮಡಿಸಿ ಗಂಡನ ಕೈಗಿಟ್ಟರು. "ಆದ್ರೆ ಗೊತ್ತಿತ್ತು."

ನರ್ಸರಿಯಮ್ಮ ಮಾತ್ರ ಕೊಂಬೆಯೊಂದನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರು. "ಯಾರು ಹೇಳಿದ್ದು ಸತ್ತಿದೆ ಅಂತ? ಗುಂಡುಕಲ್ಲಿನ ಹಾಗಿದೆ. ನಾನು ಅವತ್ತೇ ಹೇಳಿದ್ನಲ್ಲ, ಚಳಿಗೆ ಎಲೆ ಬಿಡುತ್ತೆ ಅಂತ."

"ಬಿಡುತ್ತೆ ಅಂದ್ರೆ ಹೊಸ ಎಲೆ ಮೂಡುತ್ತೆ ಅಂತ ತಾನೇ?"

"ಚಳೀಲಿ ಎಲ್ಲಿ ಮೂಡುತ್ತೆ ಸ್ವಾಮಿ? ಉದುರಿಸುತ್ತೆ. ಬಿಡುತ್ತೆ ಅಂದ್ರೆ ಬಿಟ್ಟುಬಿಡುತ್ತೆ. ಇಷ್ಟೂ ಗೊತ್ತಾಗಲ್ವಾ? ಏನು ಕೆಲಸ ನಿಮ್ದು?"

ಅರ್ಥಪ್ಪನವರು ಕೈಯಲ್ಲಿದ್ದ ಚೀಟಿಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಸಂಪಾದಕರು ಮಾತ್ರ ಮೆಲ್ಲಗೆ ಎದ್ದು, ಮೊಣಕಾಲಿನ ಮಣ್ಣು ಕೊಡವಿ, ಜೇಬಿನಿಂದ ಹೊಸ ಚೀಟಿ ತೆಗೆದರು. "ಅಮ್ಮಾ, ಆ ಮಾತು ಇನ್ನೊಂದ್ಸಲ ಹೇಳಿ, ನಿಧಾನವಾಗಿ" ಎಂದು ಕೇಳಿ ಒಂದಕ್ಷರ ಬಿಡದೆ ಬರೆದುಕೊಂಡರು. ಮೇಲೆ ೨೮ ಎಂದು ಸಂಖ್ಯೆ ಹಾಕಿದರು. ಆಮೇಲೆ ಅರ್ಥಪ್ಪನವರ ಮುಖವನ್ನೇ ನೋಡುತ್ತಾ, "ನಿಮ್ಮ ಬೀದೀಲಿ ಸೆಲೂನು ಎಷ್ಟು ಹೊತ್ತಿಗೆ ತೆಗೀತಾರೆ?" ಎಂದರು.

ಮೇಡಂ ಮಾತಿಗೆ ತಪ್ಪುವವರಲ್ಲ. ಗಿಡ ಬದುಕಿತ್ತು, ಅಂಗಳ ಗಂಡನದಾಯಿತು. ಮಾರನೇ ದಿನ ಅರ್ಥಪ್ಪನವರು ಬೋಳು ಕಡ್ಡಿಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೂಗಿನ ಕೆಳಗೆ ಚಳಿಗಾಳಿ ನೇರವಾಗಿ ಬಡಿಯುತ್ತಿತ್ತು. ಗೊಬ್ಬರದ ಚೀಲ ಹೊತ್ತು ಬಂದ ನರ್ಸರಿಯಮ್ಮ ಅವರನ್ನು ಎರಡೆರಡು ಸಲ ನೋಡಿದರು.

"ಇದೇನು ಸ್ವಾಮಿ, ಮೀಸೆ?"

ಅರ್ಥಪ್ಪನವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮೇಡಂ ಉತ್ತರ ಬಂತು.

"ಚಳಿಗೆ ಬಿಟ್ಟಿದಾರೆ. ಬಿಸಿಲು ಬಂದ್ಮೇಲೆ ಬಿಡ್ತಾರೆ."